ದೀಪದ ಮೇಲೆ ಬೊಟ್ಟು

ಈಗಲಾದರೂ ಖಾತ್ರಿಯಿದೆಯೇ? ಬೆಳಿಗ್ಗೆ ಇರಲಿಲ್ಲ. ಅದಕ್ಕೇ ಆ ಹೆಂಗಸಿಗೆ ಏನೂ ಹೇಳದೆ ಎದ್ದು ಬಂದದ್ದು. ಗಂಡನನ್ನು ಕಳೆದುಕೊಂಡವಳಿಗೆ 'ಇರಬಹುದು' ಎಂದು ಹೇಳಬಾರದು. ಹೌದು ಎನ್ನಬೇಕು, ಇಲ್ಲವೇ ಅಲ್ಲ ಎನ್ನಬೇಕು. ಎರಡರ ನಡುವಿನ ಮಾತು ಅವಳನ್ನು ಉಳಿದ ಆಯುಷ್ಯವೆಲ್ಲ ಕೊರೆಯುತ್ತದೆ.

ಈರೇಶ್ ಕಾರಿನ ಎಡಗಡೆಯ ಮುಂದಿನ ಸೀಟಿನಲ್ಲಿ ಕೂತು ಆ ಬೊಟ್ಟನ್ನೇ ನೋಡುತ್ತಿದ್ದ.

ಬಲಗಡೆಯ ಸೀಟು ಸೀಟಾಗಿ ಉಳಿದಿರಲಿಲ್ಲ. ಬಾಗಿಲು ಒಳಕ್ಕೆ ಮಡಚಿಕೊಂಡು ಸ್ಟೀರಿಂಗಿನವರೆಗೂ ಬಂದಿತ್ತು. ಸ್ಟೀರಿಂಗಿನ ಹಿಂದೆ ಮೀಟರುಗಳ ಮೇಲಿನ ಗಾಜು ಮಾತ್ರ ಒಡೆದಿರಲಿಲ್ಲ. ಅದರ ಕೆಳಮೂಲೆಯಲ್ಲಿ ಕಡುಗೆಂಪು ಸ್ಟಿಕ್ಕರ್ ಬೊಟ್ಟೊಂದು ಅಂಟಿಕೊಂಡೇ ಇತ್ತು. ಬೊಟ್ಟಿನ ಅಡಿಯಲ್ಲಿದ್ದದ್ದು, ಟೈರಿನಲ್ಲಿ ಗಾಳಿ ಇಳಿದರೆ ಹೊತ್ತಿಕೊಳ್ಳುವ ಹಳದಿ ದೀಪ.

ಹೋದ ತಿಂಗಳು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಮೇಲ್ಸೇತುವೆಯ ಮೇಲೆ ಈ ಕಾರಿನ ಹಿಂದಿನ ಎಡ ಟೈರು ಸಿಡಿದು, ಕಾರು ನಡುವಿನ ಗೋಡೆಗೆ ಬಡಿದು, ಪೀಣ್ಯದಲ್ಲಿ ಗೇರ್ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದ ಕೃಷ್ಣ ಸತ್ತಿದ್ದ. ಅಪಘಾತ ಎಂದು ಬರೆದು ಪೊಲೀಸರು ಕಾರನ್ನು ಬಿಟ್ಟುಕೊಟ್ಟಿದ್ದರು. ಕೃಷ್ಣನ ಹೆಂಡತಿ ಶಶಿಕಲಾ ಅದನ್ನು ಗುಜರಿಗೆ ಹಾಕಗೊಡದೆ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ತಂದು ನಿಲ್ಲಿಸಿಕೊಂಡಿದ್ದಳು. ಆಮೇಲೆ ಯಾರನ್ನೋ ವಿಚಾರಿಸಿ ಈರೇಶನಿಗೆ ಫೋನು ಮಾಡಿದ್ದಳು.

ಈರೇಶ್ ಖಾಸಗಿ ಪತ್ತೇದಾರ. ಅವನ ಕೆಲಸದಲ್ಲಿ ಹೆಚ್ಚಿನದೆಲ್ಲ ಮದುವೆಯ ಗಂಡುಗಳ ವಿಚಾರಣೆ. ವೈಟ್‌ಫೀಲ್ಡಿನ ಹುಡುಗ ಕುಡಿಯುತ್ತಾನೋ, ಹೊಸೂರು ರಸ್ತೆಯ ಹುಡುಗನಿಗೆ ಊರಲ್ಲಿ ಇನ್ನೊಬ್ಬಳಿದ್ದಾಳೋ, ಅಷ್ಟೇ. ಸಾವಿನ ಪ್ರಕರಣವೊಂದು ಅವನ ಪಾಲಿಗೆ ಬಂದದ್ದು ಇದೇ ಮೊದಲು. ಬೇಡ ಎನ್ನಲು ಹೋದವನು, ಅವಳ ಪ್ರಶ್ನೆ ಕೇಳಿ ಒಪ್ಪಿಕೊಂಡಿದ್ದ.

ಬೆಳಿಗ್ಗೆ ಚಿಕ್ಕಬಾಣಾವರದ ಅವಳ ಮನೆಯಲ್ಲಿ ಆ ಪ್ರಶ್ನೆ ಮತ್ತೆ ಬಂದಿತ್ತು. ಸ್ಟೇಷನ್ನಿಗೆ ಹತ್ತಿರದ ಮನೆ. ರೈಲು ಹೋಗುವಾಗಲೆಲ್ಲ ಅವಳು ಮಾತು ನಿಲ್ಲಿಸಿ ಕಾಯುತ್ತಿದ್ದಳು. ಹಣೆ ಬರಿದಾಗಿತ್ತು. ಬೊಟ್ಟಿದ್ದ ಜಾಗದಲ್ಲಿ ಚರ್ಮ ಇನ್ನೂ ಸ್ವಲ್ಪ ತೆಳುಬಣ್ಣವಾಗಿತ್ತು.

ಆ ದೀಪದ ಕಾಟ ಶುರುವಾಗಿದ್ದು ಸಾವಿಗೆ ಕೆಲವು ವಾರ ಮೊದಲಂತೆ. ಬೆಳಿಗ್ಗೆ ಗಾಡಿ ಶುರು ಮಾಡಿದರೆ ಸಾಕು, ಸ್ವಲ್ಪ ಹೊತ್ತು ಮಿಣಮಿಣ ಎನ್ನುವುದು, ಆಮೇಲೆ ನಿಂತು ಉರಿಯುವುದು. ಕೃಷ್ಣ ಹೋಗಿ ಸರ್ಕಲ್ಲಿನ ಪಂಕ್ಚರ್ ಅಂಗಡಿಯಲ್ಲಿ ನಾಲ್ಕೂ ಟೈರಿಗೆ ಗಾಳಿ ಹಾಕಿಸುವನು. ಗಾಳಿ ಸರಿಯಾಗೇ ಇದೆ ಎಂದು ಅಂಗಡಿಯವನು ನಗುವನು. ಮಾರನೆಯ ಬೆಳಿಗ್ಗೆ ಮತ್ತೆ ಅದೇ. ಗಂಡ ಗೊಣಗುವುದನ್ನು ಕೇಳಿ ಕೇಳಿ ಸಾಕಾಗಿ ಒಂದು ದಿನ ಶಶಿಕಲಾ ತನ್ನ ಹಣೆಯ ಬೊಟ್ಟನ್ನೇ ಕಿತ್ತು ಅದರ ಮೇಲೆ ಅಂಟಿಸಿಬಿಟ್ಟಳು. ಇನ್ನು ಕಾಣಿಸಲ್ಲ, ನೆಮ್ಮದಿಯಾಗಿ ಓಡಿಸಿ ಎಂದಳು. ಕೃಷ್ಣ ನಕ್ಕ. ಹಾಗೇ ಓಡಿಸಿಕೊಂಡಿದ್ದ, ಸಾಯುವವರೆಗೂ.

"ಯಾರು ಏನು ಮಾಡಿದ್ರು ಅಂತ ನನಗೆ ಬೇಡ ಸಾರ್," ಎಂದಿದ್ದಳು ಶಶಿಕಲಾ. "ಆ ಬೊಟ್ಟು ಇಲ್ದೇ ಇದ್ದಿದ್ರೆ ಅವ್ರು ಉಳೀತಿದ್ರಾ? ಅಷ್ಟು ಹೇಳ್ಬಿಡಿ ಸಾಕು."

ಇವತ್ತೇ ಹೇಳುತ್ತೇನೆ ಎಂದು ಈರೇಶ್ ಮಾತು ಕೊಟ್ಟು ಬಂದಿದ್ದ. ಅವನು ಮಾತು ಕೊಡುವುದೇ ಅಪರೂಪ. 'ಮಾತಾಡಿದ್ರ ಮುತ್ತು ಉದುರ್ತಾವೇನೋ' ಎಂದು ತಾಯಿ ಚನ್ನಬಸಮ್ಮ ದಿನಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು.

ಮೇಲಾಗಿ, ಉತ್ತರ ಬಹುಮಟ್ಟಿಗೆ ಸಿಕ್ಕಿತ್ತು.

ಇಂಥ ಕಾರುಗಳ ರಿಪೇರಿ ಮಾಡುವವರೊಬ್ಬರನ್ನು ದಾರಿಯಲ್ಲೇ ಫೋನಿನಲ್ಲಿ ಕೇಳಿದ್ದ. ಅವರು ವಿವರಿಸಿದ್ದು ಸರಳವಾಗಿತ್ತು. ಒಂದೊಂದು ಚಕ್ರದ ಒಳಗೂ, ಗಾಳಿ ತುಂಬುವ ವಾಲ್ವಿನ ಬುಡದಲ್ಲಿ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಸೆನ್ಸರ್ ಇರುತ್ತದೆ. ಗಾಳಿ ಎಷ್ಟಿದೆ ಎಂಬ ಸುದ್ದಿಯನ್ನು ಅದು ಕಳಿಸುತ್ತಿರುತ್ತದೆ. ಗಾಳಿ ಇಳಿದರೆ ದೀಪ ಹೊತ್ತಿಕೊಂಡು ನಿಲ್ಲುತ್ತದೆ. ಆದರೆ ಪ್ರತಿ ಸಲವೂ ಮೊದಲು ಮಿಣುಕಿ ಆಮೇಲೆ ನಿಂತರೆ ಅದರ ಅರ್ಥ ಬೇರೆ. ಯಾವುದೋ ಒಂದು ಚಕ್ರದಿಂದ ಸುದ್ದಿಯೇ ಬರುತ್ತಿಲ್ಲ.

ಗಾಳಿ ಹಾಕಿಸಿದರೆ ಆ ದೀಪ ಆರುವುದಿಲ್ಲ. ಅಷ್ಟೇ ಅಲ್ಲ, ಸುದ್ದಿ ಕಳಿಸದ ಚಕ್ರದ ಗಾಳಿ ನಿಜವಾಗಿ ಇಳಿಯತೊಡಗಿದಾಗ, ಆಗಲೇ ಉರಿಯುತ್ತಿರುವ ದೀಪಕ್ಕೆ ಹೊಸದಾಗಿ ಹೇಳಲು ಏನೂ ಇರುವುದಿಲ್ಲ.

ಅಂದರೆ ಬೊಟ್ಟಿನಿಂದ ಏನೂ ಆಗಿಲ್ಲ. ಹೇಳಬೇಕಾದ್ದು ಅಷ್ಟೇ. ಒಂದು ವಾಕ್ಯ.

ಅವನು ಕಾರಿನಿಂದ ಇಳಿದು ಹಿಂದಿನ ಎಡ ಚಕ್ರದ ಪಕ್ಕ ಮೊಣಕಾಲೂರಿದ. ಶೆಡ್ಡಿಗೆ ಬಂದ ಮೇಲೆ ಇದನ್ನು ಎರಡನೆಯ ಸಲ ನೋಡುತ್ತಿದ್ದ. ಉಳಿದ ಮೂರು ಚಕ್ರಗಳ ವಾಲ್ವು ಲೋಹದ್ದು, ಬುಡದಲ್ಲಿ ಪುಟ್ಟ ನಟ್ಟು. ಇದರದ್ದು ಕರೀ ರಬ್ಬರು, ಸ್ಕೂಟರಿಗೆ ಇರುವಂಥದ್ದು. ಇದರೊಳಗೆ ಸೆನ್ಸರ್ ಇರಲು ಸಾಧ್ಯವೇ ಇಲ್ಲ. ಡಿಕ್ಕಿಯಲ್ಲಿ ಸ್ಟೆಪ್ನಿ ತನ್ನ ಗುಂಡಿಯಲ್ಲೇ ಧೂಳು ಹಿಡಿದು ಮಲಗಿತ್ತು. ಅದನ್ನು ಯಾರೂ ಎತ್ತಿರಲಿಲ್ಲ. ಈ ಚಕ್ರ ಹೊರಗಿನಿಂದ ಬಂದದ್ದು. ಯಾರೋ ಕಾರಿನ ಚಕ್ರವನ್ನು ಬಿಚ್ಚಿ, ಅದೇ ಅಳತೆಯ, ನೋಡಲು ಹಾಗೇ ಕಾಣುವ ಇನ್ನೊಂದನ್ನು ಹಾಕಿದ್ದರು.

ಸಿಡಿದ ಟೈರಿನ ಒಳಮೈಗೆ ಕೈ ಹಾಕಿದ. ಹರಿದ ಅಂಚು ಒರಟಾಗಿ, ನಾರುನಾರಾಗಿ ಬೆರಳಿಗೆ ಸಿಕ್ಕಿತು. ಒಂದೇ ಕಡೆ, ಬೆರಳುದ್ದ, ನುಣುಪಾಗಿತ್ತು. ಅದು ಹರಿದದ್ದಲ್ಲ, ಕೊಯ್ದದ್ದು.

ಆಮೇಲೆ ನಟ್ಟುಗಳು. ಅವನನ್ನು ಬೆಳಿಗ್ಗೆಯಿಂದ ಹಿಡಿದು ನಿಲ್ಲಿಸಿದ್ದು ಅವೇ.

ಪೀಣ್ಯದ ಕಾರ್ಖಾನೆಗಳಲ್ಲಿ ಒಂದು ಪದ್ಧತಿಯಿದೆ. ನಟ್ಟನ್ನು ಬಿಗಿ ಮಾಡಿ ಪರೀಕ್ಷಿಸಿದವನು ಬಣ್ಣದ ಪೆನ್ನಿನಿಂದ ನಟ್ಟಿನ ಮೇಲಿಂದ ಪಕ್ಕದ ಲೋಹದ ಮೇಲಕ್ಕೆ ಒಂದು ಗೆರೆ ಎಳೆಯುತ್ತಾನೆ. ನಟ್ಟು ಸಡಿಲಾದರೆ ಗೆರೆ ಎರಡು ತುಂಡಾಗಿ ಕಾಣುತ್ತದೆ. ಒಬ್ಬೊಬ್ಬ ಪರೀಕ್ಷಕನಿಗೆ ಒಂದೊಂದು ಬಣ್ಣ. ಇಂಜಿನಿಯರಿಂಗ್ ಮುಗಿಸಿದ ಹೊಸತರಲ್ಲಿ ಈರೇಶ್ ಇಲ್ಲೇ ಇನ್ನೊಂದು ಕಡೆ ಅಂಥ ಮೇಜಿನ ಮುಂದೆ ಕೂತಿದ್ದ. ಆ ಕೆಲಸ ಬಿಟ್ಟು ಎಷ್ಟೋ ಕಾಲ ಮನೆಯ ನೀರಿನ ಪೈಪಿನ ನಟ್ಟಿಗೂ ಗೆರೆ ಎಳೆಯಲು ಕೈ ತವಕಿಸುತ್ತಿತ್ತು. ಆ ಅಭ್ಯಾಸ ಕೈಗೆ ಅಂಟಿಕೊಳ್ಳುವಂಥದ್ದು.

ಕೃಷ್ಣನಿಗೂ ಅಂಟಿತ್ತು. ಮೂರು ಚಕ್ರಗಳ ನಟ್ಟುಗಳ ಮೇಲೆ ಹಳದಿ ಗೆರೆ.

ನಾಲ್ಕನೆಯದರಲ್ಲಿ ನಟ್ಟುಗಳ ಮೇಲೆ ಹಳದಿಯ ಅರ್ಧ ತುಂಡುಗಳು ದಿಕ್ಕುತಪ್ಪಿ ನಿಂತಿದ್ದವು. ಅವುಗಳ ಮೇಲೆ ಹಾದು, ಹೊಸ ರಿಮ್ಮಿನ ಮೇಲಕ್ಕೆ ಇಳಿದಿದ್ದವು ಬಿಳಿ ಗೆರೆಗಳು. ಎಲ್ಲ ಗೆರೆಗಳ ತುದಿಯಲ್ಲೂ ಎಡಕ್ಕೆ ಬಾಗಿದ ಪುಟ್ಟ ಕೊಕ್ಕೆ.

ಚಕ್ರ ಬದಲಾಯಿಸಿದವರು ಎಲ್ಲವನ್ನೂ ಯೋಚಿಸಿದ್ದರು. ಅಳತೆ, ಬಣ್ಣ, ಕೊಯ್ತವನ್ನು ಒಳಗಡೆ ಇಡುವುದು. ಕೆಲಸ ಮುಗಿದ ಮೇಲೆ, ಯಾರಿಗೂ ತಿಳಿಯಬಾರದ ಆ ಕೆಲಸದಲ್ಲಿ, ಬೇರೆ ಯಾರೂ ಮಾಡದ ತಪ್ಪೊಂದನ್ನು ಮಾಡಿದ್ದರು. ಬಿಗಿ ಮಾಡಿದ ನಟ್ಟಿಗೆ ಗೆರೆ ಎಳೆಯದೆ ಏಳಲು ಆ ಕೈಗೆ ಬರಲಿಲ್ಲ.

ಈಗ ಈ ಕಾರ್ಖಾನೆಯಲ್ಲಿ ಪರೀಕ್ಷೆಯ ಮೇಜಿನ ಮುಂದೆ ಕೂರುವವನು ಒಬ್ಬನೇ. ಶಶಿಕಲಾಳ ತಮ್ಮ ಲೋಕೇಶ್. ಭಾವನ ಗಾಡಿಯ ರಿಪೇರಿ ನೋಡಿಕೊಳ್ಳುತ್ತಿದ್ದವನೂ ಅವನೇ. ಗಾಡಿಯನ್ನು ಗುಜರಿಗೆ ಹಾಕಿಬಿಡೋಣ ಎಂದು ಅಕ್ಕನ ಹತ್ತಿರ ಮತ್ತೆ ಮತ್ತೆ ಹಟ ಹಿಡಿದಿದ್ದವನೂ ಅವನೇ. ಭಾವ, ಭಾವಮೈದ ಕಾರ್ಖಾನೆಯ ಬಾಗಿಲಲ್ಲಿ ಕಾಲರ್ ಹಿಡಿದು ಜಗಳವಾಡಿದ್ದನ್ನು ಅಕ್ಕಪಕ್ಕದ ಶೆಡ್ಡಿನವರು ನೋಡಿದ್ದರು.

"ಏನ್ ಸಾರ್, ಗಾಡಿಗೆ ನಮಸ್ಕಾರ ಮಾಡ್ತಾ ಇದೀರಾ?"

ಶೆಡ್ಡಿನ ಬಾಗಿಲಲ್ಲಿ ಲೋಕೇಶ್ ನಿಂತಿದ್ದ. ಮೂವತ್ತು ದಾಟಿದ ದೊಡ್ಡ ಆಳು. ಎಣ್ಣೆ ಮೆತ್ತಿದ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದ.

ಈರೇಶ್ ಏಳಲಿಲ್ಲ. "ಇಲ್ಲಿ ಬನ್ನಿ. ಈ ಗೆರೆ ನೋಡಿ."

"ಏನಿದೆ ಅದ್ರಲ್ಲಿ? ಭಾವ ನಟ್ಟಿಗೆಲ್ಲ ಬಣ್ಣ ಹೊಡ್ಕೊಳ್ಳೋರು. ಅವ್ರ ಹುಚ್ಚು ಅದು."

"ಭಾವನ ಬಣ್ಣ ಯಾವುದು?"

"ಹಳದಿ."

"ಇದು?"

ಲೋಕೇಶ್ ಚಕ್ರದ ಕಡೆ ನೋಡಲಿಲ್ಲ. ಹತ್ತಿರ ಬರಲೂ ಇಲ್ಲ. ಅವನು ನೋಡುವ ಅಗತ್ಯವಿಲ್ಲ, ಇದು ಮೊದಲೇ ಅವನ ಕಣ್ಣಿಗೆ ಬಿದ್ದಿದೆ ಎಂದು ಈರೇಶನಿಗೆ ಅನ್ನಿಸಿತು. ಮುಂದಿನ ಹಾಲಿನಲ್ಲಿ ಒಂದು ಲೇತ್ ಯಂತ್ರ ಕಿರುಗುಟ್ಟುತ್ತಿತ್ತು. ಈರೇಶ್ ಎದ್ದು ನಿಂತು, ದನಿ ಏರಿಸದೆ, ತಾನು ಕಂಡದ್ದನ್ನೆಲ್ಲ ಹೇಳಿದ. ರಬ್ಬರಿನ ವಾಲ್ವು, ಒಳಗಿನ ಕೊಯ್ತ, ಕದಲದ ಸ್ಟೆಪ್ನಿ. ಲೋಕೇಶ್ ಕೊನೆಯವರೆಗೂ ಕೇಳಿಸಿಕೊಂಡ.

"ಗುಜರಿಗೆ ಹಾಕೋಕೆ ಅಷ್ಟು ಅವಸರ ಯಾಕೆ ಇತ್ತು ಲೋಕೇಶ್?"

"ಇದನ್ನ ದಿನಾ ನೋಡ್ಕೊಂಡು ಅಕ್ಕ ಹೇಗೆ ಬದುಕ್ತಾಳೆ ಸಾರ್?"

"ಅಕ್ಕ ಶೆಡ್ಡಿಗೆ ಬರೋದೇ ಇಲ್ಲ ಅಂತ ನೀವೇ ಹೇಳಿದ್ರಿ."

ಲೋಕೇಶ್ ಬಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದ.

"ಮೇಜಿನ ಮುಂದೆ ಕೂರೋದು ನೀವೊಬ್ರೇ. ಹಳದಿ ಸತ್ತವರದ್ದು. ಬಿಳಿ ಇನ್ಯಾರದ್ದು?"

ಆಗ ಲೋಕೇಶ್ ನಕ್ಕ. ಸಂತೋಷದ ನಗುವಲ್ಲ, ಹಲ್ಲುನೋವಿದ್ದವನು ಬಾಯಿ ತೆರೆದ ಹಾಗಿತ್ತು. ಅಂಗಿಯ ಜೇಬಿನಿಂದ ಒಂದು ಪೆನ್ನು ತೆಗೆದು ಕಾರಿನ ಮೇಲಿಟ್ಟ. ಪಕ್ಕದ ಟ್ರೇಯಿಂದ ಒಂದು ಗೇರ್ ಜೋಡಣೆಯನ್ನು ಎತ್ತಿ ತಂದು ಪೆನ್ನಿನ ಪಕ್ಕ ಕುಕ್ಕಿದ. ಅದರ ನಟ್ಟುಗಳ ಮೇಲೆ ಹಸಿರು ಗೆರೆ. ಅಳತೆಗೋಲಿಟ್ಟು ಎಳೆದಷ್ಟು ನೇರ. ಕೊಕ್ಕೆಯಿಲ್ಲ.

"ಹಸಿರು ಸಾರ್ ನಂದು. ಬಂದಾಗಿನಿಂದ ಹಸಿರೇ. ಮುಂದೆ ಹೋಗಿ ಯಾರನ್ನ ಬೇಕಾದ್ರೂ ಕೇಳಿ."

ಈರೇಶ್ ಗೇರನ್ನು ಕೈಗೆತ್ತಿ ತಿರುಗಿಸಿ ನೋಡಿದ. ಬೆಳಿಗ್ಗೆಯಿಂದ ಕಟ್ಟಿಕೊಂಡು ಬಂದದ್ದರಲ್ಲಿ ಒಂದು ಕಲ್ಲು ಬುಡದಿಂದಲೇ ಜಾರಿತ್ತು.

"ಹಾಗಾದ್ರೆ ಬಿಳಿ?"

"ಬಿಟ್ಬಿಡಿ ಸಾರ್."

"ನೀವು ಹೇಳದಿದ್ರೆ ಮುಂದಿನ ಹಾಲಿನಲ್ಲಿ ಕೇಳ್ತೀನಿ. ನೀವೇ ಕೇಳಿ ಅಂದ್ರಲ್ಲ."

ಲೋಕೇಶ್ ಎಣ್ಣೆಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದ. ಮತ್ತೆ ಬಿಚ್ಚಿದ.

"ಆ ಮೇಜು ಮೊದಲು ಅಕ್ಕಂದು," ಎಂದ. "ಭಾವ ಕಾರ್ಖಾನೆ ಶುರು ಮಾಡಿದಾಗಿನಿಂದ ಅವಳೇ ಕೂರ್ತಿದ್ದದ್ದು. ನನಗೆ ಗೆರೆ ಎಳೆಯೋಕೆ ಕಲಿಸಿದ್ದೂ ಅವಳೇ. ಅಕ್ಕನ ಬಿಳಿ ಗೆರೆ ಬಿದ್ದ ಮಾಲನ್ನ ಭಾವ ಎರಡ್ನೇ ಸಲ ಮುಟ್ಟಿ ನೋಡ್ತಿರಲಿಲ್ಲ. ಅಷ್ಟು ನಂಬಿಕೆ."

ಮಿಕ್ಕದ್ದನ್ನು ಅವನು ತುಂಡು ತುಂಡಾಗಿ ಹೇಳಿದ. ಒಂದು ಸಲ ಶಶಿಕಲಾ ಒಂದಿಷ್ಟು ಮಾಲನ್ನು ಇದು ಹೋಗಕೂಡದು ಎಂದು ಪಕ್ಕಕ್ಕಿಟ್ಟಿದ್ದಳು. ಗಿರಾಕಿ ತಲೆಯ ಮೇಲೆ ಕೂತಿದ್ದ. ಅವಳು ಮನೆಗೆ ಹೋದ ಮೇಲೆ ಕೃಷ್ಣ ಅವಳ ಪೆನ್ನು ತೆಗೆದುಕೊಂಡು ತಾನೇ ಬಿಳಿ ಗೆರೆ ಎಳೆದು ಕಳಿಸಿಬಿಟ್ಟ. ಆ ಗೇರು ಹಾಕಿದ ಯಂತ್ರ ಓಡುತ್ತಿರುವಾಗಲೇ ಕಳಚಿ, ಅದನ್ನು ನಡೆಸುತ್ತಿದ್ದವನು ಸತ್ತ. ಬಂದು ನೋಡಿದವರು ಬಿಳಿ ಗೆರೆ ಯಾರದು ಎಂದು ಕೇಳಿದರು. ಶಶಿಕಲಾ ನನ್ನದು ಎಂದಳು. ಗಂಡ ಪಕ್ಕದಲ್ಲೇ ನಿಂತಿದ್ದ, ಏನೂ ಹೇಳಲಿಲ್ಲ.

"ಅವತ್ತು ಪೆನ್ನು ಡ್ರಾಯರಿಗೆ ಹಾಕಿ ಎದ್ದು ಹೋದಳು. ಮತ್ತೆ ಮೇಜಿಗೆ ಬರಲಿಲ್ಲ. ಮನೇಲಿ ಅದರ ಮಾತೂ ಬರಲಿಲ್ಲ. ನಾನು ಭಾವನ ಕಾಲರ್ ಹಿಡಿದದ್ದೂ ಅದಕ್ಕೇ. ಒಂದು ಮಾತು ಅಕ್ಕನ ಹತ್ರ ತಪ್ಪಾಯ್ತು ಅನ್ನಿ ಅಂದೆ. ಅನ್ನಲಿಲ್ಲ."

"ಆ ಪೆನ್ನು?"

"ಡ್ರಾಯರಲ್ಲೇ ಇತ್ತು. ಭಾವ ಹೋದ ಮೇಲೆ ನೋಡಿದೆ. ಇಲ್ಲ."

"ಕಾರು ಬಂದ ದಿನವೇ ನೀವು ಗೆರೆ ನೋಡಿದ್ರಿ."

"ನೋಡ್ದೆ." ಲೋಕೇಶ್ ಮೊದಲ ಸಲ ನೇರವಾಗಿ ಮುಖ ನೋಡಿದ. "ಪೆನ್ನು ಯಾರು ಬೇಕಾದ್ರೂ ತಗೋಬಹುದು ಸಾರ್. ಡ್ರಾಯರಿಗೆ ಬೀಗ ಇಲ್ಲ. ಬೇಕಾದ್ರೆ ನಾನೇ ಅಂತ ಬರ್ಕೊಳಿ. ನನ್ನ ಕೈ ಇದು ಅಂತೀನಿ ನಾನು."

ನಿಜ. ಪೆನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಈರೇಶ್ ಹಸಿರು ಗೆರೆಯನ್ನು ನೋಡಿದ, ಬಿಳಿ ಗೆರೆಯ ತುದಿಯ ಕೊಕ್ಕೆಯನ್ನು ನೋಡಿದ. ಪೆನ್ನು ಬದಲಾಗಬಹುದು, ಕೈ ಬದಲಾಗುತ್ತದೆಯೇ? ಕೃಷ್ಣ ಕೂಡ ಈ ಗೆರೆಯನ್ನು ನೋಡಿರಬೇಕು. ಗಾಳಿ ಹಾಕಿಸಲು ಅಷ್ಟು ಸಲ ಚಕ್ರದ ಪಕ್ಕ ನಿಂತವನು ನೋಡದೆ ಇರುತ್ತಾನೆಯೇ? ಬಿಳಿ ಎಂದು ಕಂಡು, ಇದನ್ನು ಮುಟ್ಟಿ ನೋಡಬೇಕಾಗಿಲ್ಲ ಎಂದುಕೊಂಡು, ಹಾಗೇ ಹೊರಟಿರಬಹುದೇ?

ಅವಳೇ ಮಾಡಿದ್ದರೆ ಕಾರನ್ನು ಯಾಕೆ ಉಳಿಸಿಕೊಂಡಳು? ತನ್ನನ್ನು ಯಾಕೆ ಕರೆಸಿದಳು? ಮಿಣುಕುವ ದೀಪದ ಮಾತನ್ನು ತಾನಾಗಿಯೇ ಯಾಕೆ ಹೇಳಿದಳು? ಸಿಕ್ಕಿಬೀಳಬೇಕೆಂದೇ? ಅಥವಾ ಚಿಕ್ಕದೊಂದು ತಪ್ಪನ್ನು ಎದುರಿಗಿಟ್ಟುಕೊಂಡು ಅಳುವವಳ ಬೆನ್ನ ಹಿಂದೆ ಯಾರೂ ಇಣುಕುವುದಿಲ್ಲ ಎಂಬ ಲೆಕ್ಕವೇ?

ಗೇಟಿನ ಸದ್ದಾಯಿತು. ಲೇತ್ ನಿಂತಿತು. ಊಟದ ಹೊತ್ತು.

"ಅಕ್ಕ," ಎಂದ ಲೋಕೇಶ್, ಉಸಿರಿನಲ್ಲಿ. "ಊಟ ತಂದಿದ್ದಾಳೆ. ಸಾರ್, ಅವಳ ಮುಂದೆ ಏನೂ..."

ಶೆಡ್ಡಿಗೆ ಬರುವುದೇ ಇಲ್ಲವೆಂದು ತಮ್ಮ ಹೇಳಿದ್ದ ಅಕ್ಕ ಅವತ್ತು ಶೆಡ್ಡಿನ ಬಾಗಿಲವರೆಗೂ ಬಂದಳು. ಕೈಯಲ್ಲಿ ಬಟ್ಟೆಯ ಚೀಲ. ಬಸ್ಸಿನಲ್ಲಿ ನಿಂತು ಬಂದಿರಬೇಕು, ಮುಖ ಬೆವರಿತ್ತು. ಕಾರಿನ ಕಡೆ ಒಂದು ಸಲ ನೋಡಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಚೀಲವಿಟ್ಟಳು. ನೀವೂ ಒಂದು ತುತ್ತು ತಿನ್ನಿ ಸಾರ್, ಬೆಳಿಗ್ಗೆ ಬರೀ ಕಾಫಿ ಕುಡಿದು ಹೋದಿರಿ ಎಂದು ಉಪಚಾರ ಮಾಡಿದಳು. ತಮ್ಮನಿಗೆ ಕೈ ತೊಳ್ಕೊಂಡು ಬಾ ಎಂದಳು. ಲೋಕೇಶ್ ಕದಲಲಿಲ್ಲ.

ಅವಳು ಅನ್ನದ ಡಬ್ಬಿ ತೆಗೆದಳು. ಆಮೇಲೆ ಸಾರಿನ ಡಬ್ಬಿ, ತಿರುಗಿಸಿ ಮುಚ್ಚುವ ಸ್ಟೀಲಿನದ್ದು.

ಮುಚ್ಚಳದಿಂದ ಡಬ್ಬಿಯ ಮೈಮೇಲಕ್ಕೆ ಒಂದು ಬಿಳಿ ಗೆರೆ ಇಳಿದಿತ್ತು. ಮುಚ್ಚಳ ಪೂರ್ತಿ ಬಿಗಿಯಾದಾಗ ಎರಡು ತುಂಡೂ ಕೂಡಿಕೊಳ್ಳುವಂತೆ ಎಳೆದದ್ದು. ಬಸ್ಸಿನಲ್ಲಿ ಸಾರು ಚೆಲ್ಲಬಾರದಲ್ಲ. ಗೆರೆಯ ಕೊನೆಯಲ್ಲಿ ಎಡಕ್ಕೆ ಬಾಗಿದ ಪುಟ್ಟ ಕೊಕ್ಕೆ.

ಈರೇಶ್ ನೋಡುತ್ತಿದ್ದಂತೆ ಅವಳು ಮುಚ್ಚಳ ತಿರುಗಿಸಿದಳು. ಗೆರೆ ಎರಡಾಯಿತು.

ಲೋಕೇಶ್ ಅದನ್ನು ನೋಡಿದ. ಈರೇಶ್ ನೋಡಿದ್ದನ್ನೂ ನೋಡಿದ. ಮುಖ ತಿರುಗಿಸಿಕೊಂಡು ಗೋಡೆಗೆ ಕೈಯೂರಿದ.

ಶಶಿಕಲಾ ಇಬ್ಬರ ಕಡೆಯೂ ಗಮನವಿಲ್ಲದವಳಂತೆ ತಟ್ಟೆಗೆ ಅನ್ನ ಹಾಕಿದಳು. ಸೌಟನ್ನು ಡಬ್ಬಿಯ ಅಂಚಿಗೆ ಒರಗಿಸಿಟ್ಟು, ಸೆರಗಿನಲ್ಲಿ ಹಣೆ ಒರೆಸಿಕೊಂಡು, ತಲೆ ಎತ್ತಿದಳು. ಕಣ್ಣುಗಳಲ್ಲಿ ನೀರಿರಲಿಲ್ಲ. ಬೆಳಿಗ್ಗೆಯೂ ಇರಲಿಲ್ಲ ಎಂಬುದು ಈರೇಶನಿಗೆ ಆಗ ನೆನಪಾಯಿತು.

"ಇವತ್ತು ಹೇಳ್ತೀನಿ ಅಂದಿದ್ರಿ ಸಾರ್," ಎಂದಳು. "ನನ್ನ ಬೊಟ್ಟಿನಿಂದ ತಾನೇ?"

ಬೆಳಿಗ್ಗೆಯಿಂದ ಅವನ ನಾಲಿಗೆಯ ಮೇಲೆ ಸಿದ್ಧವಾಗಿದ್ದ ವಾಕ್ಯ ಅಲ್ಲೇ ಇತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಾಗಿರಲಿಲ್ಲ. ಅವಳು ಅಮಾಯಕಳಾಗಿದ್ದರೆ ಆ ಒಂದು ವಾಕ್ಯದಿಂದ ಇವತ್ತು ರಾತ್ರಿ ನಿದ್ದೆ ಮಾಡುತ್ತಾಳೆ. ಆಗಿರದಿದ್ದರೆ, ದೀಪ ಯಾಕೆ ಉರಿಯುತ್ತಿತ್ತೆಂದು ಗೊತ್ತಿದ್ದವನು ಮಾತ್ರ ಹಾಗೆ ಹೇಳಬಲ್ಲ; ಚಕ್ರ ಬದಲಾದದ್ದು ತನಗೆ ತಿಳಿದಿದೆ ಎಂಬುದು ಅದೇ ವಾಕ್ಯದಿಂದ ಅವಳಿಗೆ ತಿಳಿಯುತ್ತದೆ.

ಅವಳು ಕಾದಳು. ದೂರದಲ್ಲಿ ಮೆಟ್ರೋ ಹಾದುಹೋದ ಸದ್ದು ಕೇಳಿತು, ಅದೂ ಮುಗಿಯಿತು. ಅವಳು ಕಾಯುತ್ತಲೇ ಇದ್ದಳು.

ಈರೇಶ್ ತಟ್ಟೆಯನ್ನು ಕೈಗೆ ತೆಗೆದುಕೊಂಡ.

ನಿಮ್ಮ ಬೊಟ್ಟಿನಿಂದ ಅವರು ಸಾಯಲಿಲ್ಲ ಎಂದು ಅವನು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.